ಬಸ್ಸಿನಲ್ಲಿ ಪೆಂಡ್ರೈವ್ ಕಳಿಸುತ್ತಿದ್ದವರು

ಯಾರ ದನಿಯನ್ನಾದರೂ ಎರಡು ದಿನದಲ್ಲಿ ಕದಿಯಬಲ್ಲೆ ಎಂಬುದು ನನ್ನ ಹಳೆಯ ಜಂಬ. ಮೀಟಿಂಗಿಗೆ ಮುಂಚೆ ನಮ್ಮ ಮ್ಯಾನೇಜರ್ ಕೆಮ್ಮುವ ಮೂರು ಕೆಮ್ಮು, ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಉಸಿರು ಬಿಡದೆ ಊರುಗಳ ಹೆಸರು ಕೂಗುವ ಏಜೆಂಟು, ಗೊಬ್ಬರದ ಕೌಂಟರಿನಲ್ಲಿ ಸಾಲು ತಪ್ಪಿಸಿ ನುಗ್ಗುವ, ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರು, ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೂ ಊಟದ ಹೊತ್ತಿಗೆ ಮನೆಯವರ ಹಾಜರಿ ತೆಗೆದುಕೊಳ್ಳುವ ನನ್ನ ಅಪ್ಪ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ನನ್ನ ಆಫೀಸಿನ ಹಿರಿಯರೊಬ್ಬರನ್ನು ಒಳಗೆ ಕರೆದುಕೊಳ್ಳುವುದಕ್ಕೆ ಮಾತ್ರ ಒಂದೂವರೆ ತಿಂಗಳು ಬೇಕಾಯಿತು. ಆ ಒಂದೂವರೆ ತಿಂಗಳ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಇದನ್ನು ಅವರಿಗೆ ಓದಿ ಹೇಳುತ್ತಾರೆ, ಅವರು ಫೋನ್ ಮಾಡಿ "ಚೆನ್ನಾಗಿ ಬರ್ದಿದೀರ ಕಣ್ರೀ" ಅನ್ನುತ್ತಾರೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಅವರು ನಮ್ಮ ಸೊಸೈಟಿಯ ಕಂಪ್ಯೂಟರ್ ವಿಭಾಗ. ವಿಭಾಗದ ಮುಖ್ಯಸ್ಥರು ಅಂತಲ್ಲ, ವಿಭಾಗವೇ ಅವರು. ನಾನು ಸೇರಿದ ಮೇಲೆ ಅದಕ್ಕೆ ಎರಡನೇ ಕುರ್ಚಿ ಬಂತು. ಬೆಳೆಗಾರರಿಂದ ಕಾಫಿ, ಮೆಣಸು ಕೊಂಡು ಅವರಿಗೇ ಗೊಬ್ಬರ, ಸುಣ್ಣ ಮಾರುವ ಸೊಸೈಟಿ ನಮ್ಮದು. ಮಡಿಕೇರಿಯಲ್ಲಿ ಹೆಡ್ಡಾಫೀಸು, ಜಿಲ್ಲೆಯ ಉದ್ದಗಲಕ್ಕೆ ಹದಿನಾಲ್ಕು ಬ್ರಾಂಚು, ಒಂದೊಂದು ಬ್ರಾಂಚಿನಲ್ಲಿ ಒಂದೋ ಎರಡೋ ಕಂಪ್ಯೂಟರು. ಅವರು ಕೊಡ್ಲಿಪೇಟೆಯವರು, ಸೇರಿದ್ದು ಟೈಪಿಸ್ಟ್ ಆಗಿ. ಸೊಸೈಟಿಗೆ ಮೊದಲ ಕಂಪ್ಯೂಟರ್ ಬಂದ ದಿನ, ಇದರ ಕೀಲಿಗಳು ಟೈಪ್‌ರೈಟರಿನ ಹಾಗೇ ಇವೆ, ನೀವೇ ನೋಡಿಕೊಳ್ಳಿ ಎಂದು ಆಗಿನ ಮ್ಯಾನೇಜರ್ ಹೇಳಿದರಂತೆ. ಅಷ್ಟೇ ಅವರ ಕಂಪ್ಯೂಟರ್ ವಿದ್ಯಾಭ್ಯಾಸ. ನನ್ನದು ಮೂರು ವರ್ಷದ ಡಿಪ್ಲೊಮಾ, ಮೇಲೆ ಮೈಸೂರಿನಲ್ಲಿ ಆರು ತಿಂಗಳ ಕೋರ್ಸು, ಫ್ರೇಮು ಹಾಕಿಸಿದ ಸರ್ಟಿಫಿಕೇಟು. ನೀವೇ ಹೋಲಿಸಿ ನೋಡಿ. ನಾನಂತೂ ದಿನಾ ಹೋಲಿಸುತ್ತಿದ್ದೆ.

ಬೆಳಿಗ್ಗೆ ಒಂಬತ್ತೂವರೆಗೆ ಬರುವಾಗ ಹಣೆಯ ಮೇಲೆ ಮೂರು ಗೆರೆ ವಿಭೂತಿ. ಹನ್ನೊಂದರ ಹೊತ್ತಿಗೆ ಯೋಚನೆ ಮಾಡುತ್ತಾ ಹಣೆ ಉಜ್ಜಿ ಉಜ್ಜಿ ಅದು ಒಂದೂವರೆ ಗೆರೆಯಾಗಿರುತ್ತಿತ್ತು. ಕೆಲಸ ಎಷ್ಟು ಕಷ್ಟದ್ದು ಎಂದು ನಾನು ಅದರಲ್ಲೇ ಅಳೆಯುತ್ತಿದ್ದೆ. ನನಗೆ ಇಪ್ಪತ್ತಾರು ವರ್ಷ, ಅವರಿಗೆ ನನ್ನ ವಯಸ್ಸಿನ ಮಗ ಇದ್ದಾನೆ. ಆದರೂ ಒಂದು ದಿನವೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. "ಏನ್ರೀ, ಆ ಮಾನಿಟರ್ ಸ್ವಲ್ಪ ಈಚೆ ಸರಿಸ್ತೀರಾ?" ನನ್ನ ಮನೆಯಲ್ಲಿ ಬೆಕ್ಕಿಗೆ ಸಿಗುವ ಮರ್ಯಾದೆಯೂ ನನಗಿಲ್ಲ, ಇಲ್ಲಿ ನೋಡಿದರೆ ಬಹುವಚನ! ತಮಾಷೆ ಮಾಡೋಣವೆಂದರೆ ಹಿಡಿಯುವುದಕ್ಕೆ ಜಾಗವೇ ಇಲ್ಲದ ಮನುಷ್ಯ.

ನಾನು ಸೇರಿ ಆರು ತಿಂಗಳಾಗಿತ್ತು. ನಮ್ಮ ಕಂಪ್ಯೂಟರುಗಳಲ್ಲಿದ್ದ ಓಎಸ್, ಅಂದರೆ ಯಂತ್ರ ನಡೆಸುವ ಮೂಲ ಸಾಫ್ಟ್‌ವೇರು, ಹಳೆಯದಾಯಿತು, ಅದನ್ನು ಮಾಡಿದವರೇ ಇನ್ನು ನಾವು ನೋಡಿಕೊಳ್ಳುವುದಿಲ್ಲ ಎಂದುಬಿಟ್ಟರು. ಕಾಫಿ ಪಿಕಿಂಗ್ ಶುರುವಾಗುವ ಮೊದಲು ಎಲ್ಲ ಕಡೆ ಹೊಸದು ಹಾಕಬೇಕೆಂದು ಆರ್ಡರ್ ಬಂತು. ಇದೇ ನನ್ನ ಕಾಲ ಎಂದುಕೊಂಡೆ. ಮ್ಯಾನೇಜರ ಮುಂದೆ ನಿಂತು ಭಾಷಣ ಮಾಡಿದೆ. ಈಗಿನ ಕಾಲದಲ್ಲಿ ಪೆಂಡ್ರೈವ್ ಹಿಡಿದುಕೊಂಡು ಊರೂರು ತಿರುಗುವುದು ಯಾರು ಸರ್? ನೆಟ್‌ವರ್ಕ್ ಬೂಟ್ ಮಾಡೋಣ. ಕಂಪ್ಯೂಟರ್ ಆನ್ ಆದ ಕೂಡಲೇ ವೈರಿನಲ್ಲೇ ನಮ್ಮ ಸರ್ವರನ್ನು ಹುಡುಕಿಕೊಂಡು ಬಂದು, ಓಎಸ್ ತಾನೇ ಎಳೆದು, ತಾನೇ ಹಾಕಿಕೊಳ್ಳುತ್ತದೆ. ನಾವು ಇಲ್ಲೇ ಕುರ್ಚಿಯಲ್ಲಿ ಕೂತಿರಬಹುದು.

ಪ್ರದರ್ಶನದ ದಿನ ಹೆಡ್ಡಾಫೀಸಿನ ಕಂಪ್ಯೂಟರಿಗೆ ಓಎಸ್ ಬಂದು ಕೂತಿತು. ಮ್ಯಾನೇಜರ್ ಕೆಮ್ಮುವುದನ್ನು ಮರೆತು ಚಪ್ಪಾಳೆ ತಟ್ಟಿದರು. ಆಮೇಲೆ ತಿತಿಮತಿ ಬ್ರಾಂಚು. ಕಾಡಂಚಿನ ಊರು, ಹುಲ್ಲುಕಡ್ಡಿಯಲ್ಲಿ ಎಳನೀರು ಹೀರಿದ ಹಾಗಿರುವ ಇಂಟರ್ನೆಟ್ಟು. ಶೇಕಡಾ ಒಂದು ಎಂದು ತೋರಿಸಿ ಮಧ್ಯಾಹ್ನದ ಊಟದವರೆಗೂ ಒಂದರಲ್ಲೇ ನಿಂತಿತು. ಊಟ ಮುಗಿಸಿ ಬಂದರೆ ಆ ಒಂದೂ ಇಲ್ಲ. ಆನೆ ಕಂಬ ಬೀಳಿಸಿತ್ತು.

"ಮುಂದಿನ ಹೂಮಳೆಗೆ ಮುಗೀಬಹುದಾ ಮಾರಾಯ?" ಎಂದರು ಮ್ಯಾನೇಜರ್. ಕಾಫಿ ಹೂವರಳಿಸುವ ಆ ಮಳೆಗೆ ಇನ್ನೂ ಆರು ತಿಂಗಳಿತ್ತು, ಎಲ್ಲರೂ ನಕ್ಕರು.

ನಮ್ಮ ವಿಭಾಗದ ಅವರು ಮಾತ್ರ ನಗಲಿಲ್ಲ. "ಐಡಿಯಾ ಚೆನ್ನಾಗಿದೆ ಕಣ್ರೀ. ಹೆಡ್ಡಾಫೀಸಿಗೆಲ್ಲ ನಿಮ್ಮ ಥರಾನೇ ಮಾಡೋಣ. ಬ್ರಾಂಚಿಗೆ ಬಸ್ಸಿದ್ಯಲ್ಲ" ಎಂದರು. ಅವತ್ತು ನಕ್ಕಿದ್ದರೆ ನಾನು ಅವರನ್ನು ಅಷ್ಟು ದ್ವೇಷಿಸುತ್ತಿರಲಿಲ್ಲ.

ಬಸ್ಸಿನ ವಿಷಯ ಹೇಳಬೇಕು. ಅವರ ಮೇಜಿನ ಡ್ರಾಯರಿನಲ್ಲಿ ಹದಿನಾಲ್ಕು ಪೆಂಡ್ರೈವ್ ಇದ್ದವು. ಒಂದೊಂದರ ಕಿವಿಗೂ ಕಾಫಿ ಮೂಟೆಯ ಸುತಳಿ, ಸುತಳಿಗೆ ಊರಿನ ಹೆಸರು ಬರೆದ ರಟ್ಟಿನ ಚೂರು. ಬ್ರಾಂಚಿನ ಸರದಿ ಬಂದಾಗ ಪೆಂಡ್ರೈವನ್ನು ಕವರಿಗೆ ಹಾಕಿ, ಬಸ್‌ಸ್ಟ್ಯಾಂಡಿಗೆ ತಾವೇ ನಡೆದುಹೋಗಿ ಕಂಡಕ್ಟರ ಕೈಗೆ ಕೊಡುತ್ತಿದ್ದರು. "ಅಣ್ಣ, ಇದು ನಮ್ಮ ಆಫೀಸಿಂದು. ಬೆವರು ತಾಗದ ಜೇಬಲ್ಲಿ ಇಟ್ಕೊಳ್ಳಿ." ಹೀಗೆ ಕೊಡಗಿನಲ್ಲಿ ಓಎಸ್ ಎಂಬುದು ಟಿಕೆಟ್ ಇಲ್ಲದೆ ಬಸ್ಸು ಹತ್ತಿ, ತಿರುವುಗಳಲ್ಲಿ ವಾಲಾಡುತ್ತಾ, ಬ್ರಾಂಚಿನ ಬಾಗಿಲಿನಲ್ಲಿ ಇಳಿಯುತ್ತಿತ್ತು. ನನ್ನ ಸರ್ವರ್ ಇಲ್ಲಿ ತಣ್ಣನೆಯ ಕೋಣೆಯಲ್ಲಿ ಮಿಣಮಿಣ ಎನ್ನುತ್ತಾ ಅದನ್ನು ನೋಡುತ್ತಿತ್ತು.

ಪೆಂಡ್ರೈವಿನಲ್ಲಿ ಓಎಸ್ ಜೊತೆಗೆ ಅವರೇ ಬರೆದಿಟ್ಟ ಉತ್ತರಗಳ ಫೈಲೊಂದು ಇರುತ್ತಿತ್ತು. ಹೊಸ ಓಎಸ್ ಹಾಕಿಕೊಳ್ಳುವಾಗ ಕಂಪ್ಯೂಟರ್ ಹತ್ತಿಪ್ಪತ್ತು ಪ್ರಶ್ನೆ ಕೇಳುತ್ತದೆ: ಯಾವ ಭಾಷೆ, ಯಾವ ದೇಶದ ಗಂಟೆ, ಯಾವ ಪ್ರಿಂಟರು, ನಿಮ್ಮ ಹೆಸರೇನು. ಬ್ರಾಂಚಿನವರು ಹೆದರದಿರಲಿ ಎಂದು ಅಷ್ಟಕ್ಕೂ ಮೊದಲೇ ಉತ್ತರ ತುಂಬಿರುತ್ತಿದ್ದರು. ಒಂದೇ ಒಂದು ಪ್ರಶ್ನೆ ಬಿಟ್ಟು. ಯಾವ ಡಿಸ್ಕನ್ನು ಅಳಿಸಲಿ ಎಂದು ಕಂಪ್ಯೂಟರ್ ಕೇಳುತ್ತದಲ್ಲ, ಅಲ್ಲಿಗೆ ಬಂದು ಎಲ್ಲ ನಿಂತುಬಿಡುತ್ತಿತ್ತು.

"ಇದಕ್ಕೂ ಉತ್ತರ ತುಂಬಬಹುದು ಸರ್. ನಾಲ್ಕು ಸಾಲು. ನಾನು ಬರೆದು ಕೊಡ್ಲಾ?"

"ಗೊತ್ತು ಕಣ್ರೀ" ಎಂದರು, ಹಣೆ ಉಜ್ಜುತ್ತಾ. "ಅದೊಂದನ್ನ ಅಲ್ಲಿ ಕೂತಿರೋರು ಕಣ್ಣಲ್ಲಿ ನೋಡಿ ಹೇಳ್ಲಿ."

ಇಷ್ಟಾದ ಮೇಲೆ ಫೋನು. ಹೆಡ್ಡಾಫೀಸಿನ ಹಳೆಯ ಲ್ಯಾಂಡ್‌ಲೈನಿನಿಂದಲೇ ಮಾಡುತ್ತಿದ್ದರು. ಪೆಂಡ್ರೈವ್ ಬಂತಾ, ಹಿಂದುಗಡೆ ತೂತಿಗೆ ಹಾಕಿ, ಈಗ ಆನ್ ಮಾಡಿ ಎಂದು ಒಂದೊಂದಾಗಿ ಹೇಳಿಸಿ, ಡಿಸ್ಕಿನ ಪ್ರಶ್ನೆ ಬಂತು ಎಂದು ಆ ಕಡೆಯವರು ಹೇಳಿದ ಕೂಡಲೇ ಕೇಳುತ್ತಿದ್ದರು: "ಕಾಫಿ ಆಯ್ತಾ?"

ಆ ಕಡೆಯವರು ಆಯಿತು ಅನ್ನಲಿ, ಇಲ್ಲ ಅನ್ನಲಿ, "ಕುಡ್ಕೊಂಡು ಬನ್ನಿ, ನಾನು ಲೈನಲ್ಲಿ ಇರ್ತೀನಿ" ಎನ್ನುತ್ತಿದ್ದರು. ಆಮೇಲೆ ರಿಸೀವರನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಅರೆಮುಚ್ಚಿ, ಮಾರಿಗುಡಿಯ ಎದುರಿನ ಅರಳಿಕಟ್ಟೆಯಲ್ಲಿ ಕೂತವರ ಹಾಗೆ ಕೂತಿರುತ್ತಿದ್ದರು. ಮೂರು ನಿಮಿಷ, ನಾಲ್ಕು ನಿಮಿಷ. ಮುದುಕರಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡು ನಾನು ಹಿಂದಿನಿಂದ ಅದನ್ನೇ ಅಭಿನಯಿಸಿ ಟೈಪಿಸ್ಟ್ ಹುಡುಗಿಯರನ್ನು ನಗಿಸುತ್ತಿದ್ದೆ.

ಆದರೆ ಬ್ರಾಂಚಿನವರಿಗೆ ಅವರೆಂದರೆ ಅವರೇ. ತಿತಿಮತಿಯಿಂದ ಅವರಿಗೆ ಜೇನು ಬರುತ್ತಿತ್ತು. ನನಗೆ ಪ್ರಿಂಟರ್ ಬರುತ್ತಿತ್ತು, ರಿಪೇರಿಗೆ. ಭಾಗಮಂಡಲದಿಂದ ಅವರಿಗೆ ಕಿತ್ತಳೆ, ನನಗೆ "ಸಾರ್ ಇಲ್ವಾ? ಹಾಗಾದ್ರೆ ಆಮೇಲೆ ಮಾಡ್ತೇನೆ". ನಾನು ಮಲಯಾಳದವರ ಹತ್ತಿರ ಮಲಯಾಳದಲ್ಲಿ, ತುಳುವಿನವರ ಹತ್ತಿರ ತುಳುವಿನಲ್ಲಿ ಥೇಟು ಅವರ ಹಾಗೇ ಮಾತಾಡಬಲ್ಲೆ. ಅವರಿಗೆ ಕೊಡ್ಲಿಪೇಟೆ ಕನ್ನಡ ಬಿಟ್ಟರೆ ಒಂದು ಅಕ್ಷರ ಬಾರದು. ಆದರೂ ಜನ ಮಾತಾಡುತ್ತಿದ್ದದ್ದು ಅವರ ಹತ್ತಿರ. ರಾತ್ರಿ ಊಟಕ್ಕೆ ಕೂತಾಗಲೂ ನಾನು ಅದನ್ನೇ ಹೇಳಿ ಹೇಳಿ, "ಮೊದ್ಲು ಸಾರು ಕಲಸ್ಕೋ, ಆಮೇಲೆ ಆ ಸಾರನ್ನ ಬೈಯುವಿಯಂತೆ" ಎಂದು ಅಮ್ಮ ಗದರಿಸಿದ್ದಳು.

ಹನ್ನೊಂದು ಬ್ರಾಂಚು ಮುಗಿದಿತ್ತು. ಉಳಿದ ಮೂರರ ಹೊತ್ತಿಗೆ ಅವರು ತಂಗಿಯ ಮನೆಯ ಗೃಹಪ್ರವೇಶಕ್ಕೆ ಕೊಡ್ಲಿಪೇಟೆಗೆ ಹೋದರು. ಮೂರು ದಿನ ರಜೆ. ಹೋಗುವಾಗ ಡ್ರಾಯರಿನ ಕೀ ನನಗೆ ಕೊಟ್ಟು, "ಅವಸರ ಇಲ್ಲ ಕಣ್ರೀ, ನಾನು ಬಂದ್ಮೇಲೂ ಮಾಡ್ಬಹುದು" ಎಂದರು. ಮ್ಯಾನೇಜರ್ ನನ್ನ ಮೇಜಿಗೆ ಬಂದು ಮೂರು ಸಲ ಕೆಮ್ಮಿ, "ಅವರು ಬರುವಷ್ಟರಲ್ಲಿ ಮುಗಿಸಿ ತೋರಿಸು ನೋಡುವ" ಎಂದರು. ಅವರಿಬ್ಬರಲ್ಲಿ ನಾನು ಯಾರ ಮಾತು ಕೇಳಿದೆ ಎಂದು ಹೇಳಬೇಕಾಗಿಲ್ಲ.

ಮೂರೂ ಪೆಂಡ್ರೈವನ್ನು ಅವತ್ತೇ ಬಸ್ಸಿಗೆ ಕೊಟ್ಟೆ. ತಿತಿಮತಿಗೆ ಮಾರನೇ ಬೆಳಿಗ್ಗೆ ಫೋನ್ ಮಾಡಿದೆ, ನನ್ನ ದನಿಯಲ್ಲೇ.

"ಸಾರ್ ಬರ್ಲಿ" ಎಂದರು ಅಲ್ಲಿನ ಕ್ಲಾರ್ಕ್.

"ಅಣ್ಣ, ನಾನೂ ಕಂಪ್ಯೂಟರ್ ವಿಭಾಗದವನೇ."

"ಗೊತ್ತು ಮಾರಾಯ. ಆ ಆನೆ ಕಂಬ ಬೀಳಿಸಿದ ದಿನದವನಲ್ವಾ ನೀನು? ಸಾರ್ ಬರ್ಲಿ."

ಕಂಬ ಬೀಳಿಸಿದ್ದು ನಾನಲ್ಲ, ಆನೆ ಎಂದು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು. ಅರ್ಧ ಗಂಟೆ ಬಿಟ್ಟು ಅದೇ ಲ್ಯಾಂಡ್‌ಲೈನಿನಿಂದ ಮತ್ತೆ ಮಾಡಿದೆ. ಗಂಟಲನ್ನು ಸ್ವಲ್ಪ ಕೆಳಗಿಳಿಸಿ, ಮಾತಿನ ಕೊನೆಯನ್ನು ನಿಧಾನಕ್ಕೆ ನೆಲದ ಮೇಲಿಟ್ಟ ಹಾಗೆ: "ಅಣ್ಣ, ನಾನು ಕಣಣ್ಣ. ಪೆಂಡ್ರೈವ್ ಬಂತಾ?"

"ಬಂತು ಸಾರ್! ಹೇಳಿ ಸಾರ್!"

ಒಂದೂವರೆ ತಿಂಗಳ ಶ್ರಮ ಸಾರ್ಥಕ. ತಿತಿಮತಿ ಊಟದೊಳಗೆ ಮುಗಿಯಿತು. ಮಧ್ಯಾಹ್ನ ಇನ್ನೊಂದು ಬ್ರಾಂಚೂ ಹಾಗೇ ಮುಗಿಯಿತು. ಕೆಲಸ ಮಾಡಿದ್ದು ನಾನು, ಹೊಗಳಿಸಿಕೊಂಡದ್ದು ಅವರು. ಅದೂ ಹೊಟ್ಟೆಗೆ ಬೆಂಕಿಯೇ. ಆದರೂ ಮೂರನೆಯದಕ್ಕೆ, ಭಾಗಮಂಡಲಕ್ಕೆ, ಮರುದಿನ ಬೆಳಿಗ್ಗೆ ಅದೇ ದನಿಯಲ್ಲಿ ಫೋನ್ ಮಾಡಿದೆ.

ಭಾಗಮಂಡಲದ ಬ್ರಾಂಚನ್ನು ನೋಡಿಕೊಳ್ಳುವವರು ಒಬ್ಬ ಅಕ್ಕ. ಅರೆಭಾಷೆಯವರು, ನಮ್ಮ ಹತ್ತಿರ ಮಾತಾಡುವಾಗ ಅರ್ಧ ಅದು, ಅರ್ಧ ಆಫೀಸಿನ ಕನ್ನಡ; ಇಲ್ಲ ಎನ್ನುವುದಕ್ಕೆ ಇಲ್ಲೆ, ಉಂಟು ಎನ್ನುವುದಕ್ಕೆ ಉಟ್ಟು. ಆ ಬ್ರಾಂಚಿನ ಅಂಗಳದಲ್ಲಿ ಮಳೆ ಅಳೆಯುವ ಕೊಳವೆಯೊಂದಿದೆ. ದಿನಾ ಬೆಳಿಗ್ಗೆ ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು ಬಂತೆಂದು ಅಕ್ಕ ಬರೆದಿಡುತ್ತಾರೆ. ಅವರಿಗಿಂತ ಹಿಂದಿನ ಕ್ಲಾರ್ಕುಗಳು ಬರೆದ ಪುಸ್ತಕಗಳಿಗೆ ಗೆದ್ದಲು ಹಿಡಿಯತೊಡಗಿದಾಗ, ಅಷ್ಟೂ ವರ್ಷಗಳ ಮಳೆಯನ್ನು ಒಬ್ಬರೇ ಕೂತು ಕಂಪ್ಯೂಟರಿಗೆ ಹಾಕಿದ್ದರು. ಬೆಳೆಗಾರರು ಗೊಬ್ಬರಕ್ಕೆ ಬಂದವರು ಅದನ್ನು ಕೇಳಿಕೊಂಡು ಹೋಗುತ್ತಿದ್ದರು. ಹೋದ ವರ್ಷ ಔಷಧಿ ಹೊಡೆಯುವ ಹೊತ್ತಿಗೆ ಮಳೆ ಎಷ್ಟು? ನನ್ನ ಮಗಳ ಮದುವೆ ದಿನ ಎಷ್ಟು? ಅಕ್ಕ ಒಂದು ಕೀ ಒತ್ತಿ ಹೇಳುತ್ತಿದ್ದರು. ಕೇಳದೆ ಇದ್ದರೂ ಅಕ್ಕ ಹೇಳುತ್ತಿದ್ದದ್ದು ಹೆಡ್ಡಾಫೀಸಿನ ಅವರೊಬ್ಬರಿಗೆ. ಫೋನ್ ಎತ್ತಿದರೆ ಮೊದಲು ಮಳೆ, ಆಮೇಲೆ ನಮಸ್ಕಾರ.

ಅವತ್ತೂ ಹೇಳಿದರು. "ಸಾರ್, ನಿನ್ನೆ ಒಂದು ಇಂಚು ನಲ್ವತ್ತು ಸೆಂಟು." ನಾನು ಅವರ ದನಿಯಲ್ಲಿ "ಒಳ್ಳೇದಾಯ್ತು ಅಕ್ಕ" ಎಂದೆ. ಪೆಂಡ್ರೈವ್ ಹಾಕಿಸಿದೆ. ಡಿಸ್ಕಿನ ಪ್ರಶ್ನೆ ಬಂತೆಂದರು. "ಕಾಫಿ ಆಯ್ತಾ?" ಎಂದೆ, ಅದಿಲ್ಲದೆ ಅವರ ನಕಲು ಪೂರ್ತಿಯಾಗುವುದಿಲ್ಲವಲ್ಲ.

"ಇಲ್ಲೆ ಸಾರ್, ಈಗ..."

ಕುರ್ಚಿ ಎಳೆದ ಸದ್ದು ಕೇಳಿಸಿತು. ಆದರೆ ನನಗೆ ಬಂದದ್ದು ಆ ಪ್ರಶ್ನೆಯ ತನಕ ಮಾತ್ರ. ಅದರ ಮುಂದಿನ ನಾಲ್ಕು ನಿಮಿಷದಲ್ಲಿ ದನಿಯೇ ಇಲ್ಲವಲ್ಲ, ಅದನ್ನು ನಾನು ಕಲಿತಿರಲಿಲ್ಲ. "ಇರ್ಲಿ ಅಕ್ಕ, ಆಮೇಲೆ ಕುಡೀರಿ. ಎರಡು ಡಿಸ್ಕ್ ಕಾಣ್ತಾ ಇದೆಯಲ್ಲ, ಮೇಲಿನದನ್ನ ಆರಿಸಿ, ಡಿಲೀಟ್ ಒತ್ತಿ" ಎಂದೆ. ಎಲ್ಲ ಬ್ರಾಂಚಿನಲ್ಲೂ ಓಎಸ್ ಇರುವ ಸಣ್ಣ ಡಿಸ್ಕು ಮೇಲೆ, ಫೈಲುಗಳಿರುವ ದೊಡ್ಡದು ಕೆಳಗೆ.

"ಸಾರ್, ಇಲ್ಲಿ ಮೇಲಿರುದು ದೊಡ್ಡದಲ್ವಾ..."

"ಹೂಂ ಕಣಕ್ಕ. ಒತ್ತಿ."

ಒತ್ತಿದರು. ನನ್ನ ಮಾತಿಗಾಗಿದ್ದರೆ ಒತ್ತುತ್ತಿರಲಿಲ್ಲ.

ಸೋಮವಾರ ಅವರು ರಜೆ ಮುಗಿಸಿ ಬಂದು ಕೂತು ಇನ್ನೂ ವಿಭೂತಿ ಮೂರು ಗೆರೆಯೇ ಇತ್ತು, ಫೋನ್ ಬಂತು. ಆ ಕಡೆಯ ದನಿ ನನ್ನ ಕುರ್ಚಿಯವರೆಗೂ ಕೇಳಿಸುತ್ತಿತ್ತು. "ಸಾರ್, ಮಳೆ ಇಲ್ಲೆ. ನಾ ಎಲ್ಲಾ ಕಡೆ ಹುಡ್ಕಿದೆ ಸಾರ್. ನೀವು ಹೇಳಿದ ಹಾಗೇ ಒತ್ತಿದ್ದ್."

ಅವರು ಒಂದು ಸಲ ನನ್ನ ಕಡೆ ನೋಡಿದರು. ನಾನು ಕೀಬೋರ್ಡನ್ನು ತಲೆಕೆಳಗು ಮಾಡಿ ಧೂಳು ಬಡಿಯುತ್ತಿದ್ದೆ, ಜೀವಮಾನದಲ್ಲಿ ಮೊದಲ ಸಲ.

"ಹೌದು ಅಕ್ಕ" ಎಂದರು. "ನಾನು ಕಾಯ್ಬೇಕಾಗಿತ್ತು, ಕಾಯ್ಲಿಲ್ಲ. ನನ್ನ ತಪ್ಪು. ಡಿಸ್ಕನ್ನ ಟವೆಲಲ್ಲಿ ಸುತ್ತಿ ಬಸ್ಸಿಗೆ ಕೊಡಿ."

ಫೋನ್ ಇಟ್ಟು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು. "ಕಾಫಿ ಆಯ್ತೇನ್ರೀ?"

"ಆಯ್ತು ಸರ್" ಎಂದೆ.

ಅವರು ಸುಮ್ಮನೆ ಕೂತಿದ್ದರು. ಅದೇ ಅರೆಮುಚ್ಚಿದ ಕಣ್ಣು. ಆ ಹೊತ್ತಿನಲ್ಲಿ ನಾನು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಪ್ರಿಂಟರಿಗೆ ಕಾಗದ ಹಾಕುವ ನೆಪ ಮಾಡಿ ಎದ್ದುಹೋದೆ.

ಡಿಸ್ಕು ಬಂತು. ಮೇಲೆ ಹೊಸ ಓಎಸ್ ಬರೆದಾಗಿತ್ತು, ಅಡಿಯ ಮಳೆ ಸಿಗಲಿಲ್ಲ. ಮೂರು ವರ್ಷದ ಹಿಂದೆ ಅದೇ ಕಂಪ್ಯೂಟರಿಗೆ ಓಎಸ್ ಹಾಕಿದಾಗ ಅವರು ತೆಗೆದಿಟ್ಟಿದ್ದ ನಕಲು ಮಾತ್ರ ಡ್ರಾಯರಿನ ಮೂಲೆಯಲ್ಲಿ ಸಿಕ್ಕಿತು. ಅಂದರೆ ಕಳೆದುಹೋದದ್ದು ಮೂರು ವರ್ಷದ ಮಳೆ. "ಸುತ್ತಮುತ್ತ ಎಸ್ಟೇಟಿನವ್ರೆಲ್ಲ ಮಳೆ ಬರ್ದಿಡ್ತಾರೆ. ಕೇಳಿ ತರೋಣ" ಎಂದರು. ಆಮೇಲೆ, ಕೆಳಗೆ ನೋಡುತ್ತಾ, "ನಿಮ್ಗೆ ಟೈಪಿಂಗ್ ಸ್ಪೀಡ್ ಇದೆ. ಭಾನುವಾರ ಬರ್ತೀರಾ?"

ಐದು ಭಾನುವಾರ ಅವರೂ ನಾನೂ ಬೆಳಗಿನ ಬಸ್ಸಿನಲ್ಲಿ ಭಾಗಮಂಡಲಕ್ಕೆ ಹೋದೆವು. ಅವರು ಎಸ್ಟೇಟುಗಳಿಗೆ ಹೋಗಿ ಮಳೆ ಪುಸ್ತಕ ಇಸಿದುಕೊಂಡು ಬರುವುದು, ಓದುವುದು, ನಾನು ಟೈಪು. ಪಕ್ಕದ ತೋಟದ ಮಳೆ ಅಕ್ಕನ ಅಂಗಳದ ಮಳೆಯಲ್ಲ, ಗುಡ್ಡದ ಆ ಕಡೆ ಈ ಕಡೆಗೆ ಅರ್ಧ ಇಂಚು ವ್ಯತ್ಯಾಸ. ಅದಕ್ಕೆ ಆ ಮೂರು ವರ್ಷವನ್ನು ನೀಲಿ ಅಕ್ಷರದಲ್ಲಿ ಹಾಕಿಸಿ, ಮೇಲೆ ಹೀಗೆ ಬರೆಸಿದರು: ಇದು ಪಕ್ಕದವರ ಮಳೆ. ನಕಲಿಯನ್ನು ನಕಲಿ ಎಂದು ಬರೆದಿಡುವ ಈ ಚಟವೂ ನನಗೆ ಚುಚ್ಚದೆ ಬಿಡಲಿಲ್ಲ.

ಅಕ್ಕ ಕಾಫಿ ತರುತ್ತಿದ್ದರು. ಅವರಿಗೆ ತುಂಬಿದ ಲೋಟ, ನನಗೆ ಮುಕ್ಕಾಲು. ಇಷ್ಟೆಲ್ಲ ಆದ ಮೇಲೂ! ಎರಡನೇ ಭಾನುವಾರ ಅವರು ಹೊರಗೆ ಹೋಗಿದ್ದಾಗ ಅಕ್ಕ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಸಾರಿಗೆ ವಯಸ್ಸಾತ್ ಅಲ್ವಾ. ಕಾಪಿ ಕುಡಿಲಿಕ್ಕೂ ಬಿಡದೆ ಅವಸರ ಮಾಡಿದ್ರ್ ಅವತ್ತ್. ನೀನಾದ್ರೂ ಪಕ್ಕಲ್ಲಿ ಕೂತು ನೋಡ್ಕಂಬಾರ್ದಾ?"

"ಹೂಂ ಅಕ್ಕ" ಎಂದೆ. ಯಾರ ದನಿಯಲ್ಲಿ ಎಂದು ನೆನಪಿಲ್ಲ. ನನ್ನದಿರಬೇಕು, ಬಹಳ ಸಣ್ಣದಾಗಿತ್ತು.

ಆ ಮಾತು ಬ್ರಾಂಚಿನಿಂದ ಬ್ರಾಂಚಿಗೆ ನನ್ನ ನೆಟ್‌ವರ್ಕಿಗಿಂತ ವೇಗವಾಗಿ ಹೋಯಿತು. ಸಾರಿಗೆ ಮರೆವು ಶುರುವಾಗಿದೆಯಂತೆ. ಭಾಗಮಂಡಲದ ಮಳೆ ಎಲ್ಲ ಅಳಿಸಿಬಿಟ್ಟರಂತೆ. ಫೋನುಗಳು ನನಗೆ ಬರತೊಡಗಿದವು. "ಸಾರ್ ಬೇಡ, ನೀನೇ ಹೇಳು ಮಾರಾಯ." ತಿತಿಮತಿಯಿಂದ ನನ್ನ ಹೆಸರಿಗೇ ಜೇನು ಬಂತು. ಸೇರಿದ ದಿನದಿಂದ ಏನು ಬೇಕೆಂದು ಹಲ್ಲು ಕಡಿಯುತ್ತಿದ್ದೆನೋ ಅದೆಲ್ಲ ಸುತಳಿ ಕಟ್ಟಿ ಮೇಜಿನ ಮೇಲೆ ಬಂದು ಕೂತಿತು. ಜೇನು ಅಮ್ಮನಿಗೆ ಕೊಟ್ಟೆ. ಚೆನ್ನಾಗಿದೆ ಎಂದಳು, ನಾನು ಮುಟ್ಟಲಿಲ್ಲ. ಅವರು ಮಾತ್ರ ಮೊದಲಿನ ಹಾಗೇ ಬರುತ್ತಿದ್ದರು, ಫೋನ್ ಬಂದರೆ "ನಿಮಗೇ ಕಣ್ರೀ" ಎಂದು ರಿಸೀವರ್ ನನ್ನ ಕಡೆ ಚಾಚುತ್ತಿದ್ದರು. ಆ ಕೈ ಚಾಚುವುದರಲ್ಲಿ ಚೂರಾದರೂ ಕಹಿ ಇದೆಯೇ ಎಂದು ನಾನು ಹುಡುಕುತ್ತಿದ್ದೆ. ಸಿಕ್ಕಿದ್ದರೆ ಎಷ್ಟು ಹಗುರಾಗುತ್ತಿತ್ತು!

ಅವರು ನಿವೃತ್ತರಾದ ದಿನ ಮಧ್ಯಾಹ್ನ ಮೂರಕ್ಕೆ ಹೆಡ್ಡಾಫೀಸಿನ ಮೀಟಿಂಗ್ ಹಾಲಿನಲ್ಲಿ ಬೀಳ್ಕೊಡುಗೆ. ಹದಿನಾಲ್ಕು ಬ್ರಾಂಚಿನವರೂ ಬಂದಿದ್ದರು. ಶಾಲು, ಹಾರ, ಮ್ಯಾನೇಜರ ಮೂರು ಕೆಮ್ಮು. "ಇಷ್ಟು ವರ್ಷದ ಸೇವೆಯಲ್ಲಿ ಕೊನೆಗೆ ಒಂದೇ ಒಂದು ತಪ್ಪಾಯ್ತು, ಅದು ಯಾರಿಗೂ ಆಗ್ತದೆ, ನಾವದನ್ನ ಮರೆತಿದ್ದೇವೆ" ಎಂದು ಮರೆಯದೆ ಹೇಳಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಭಾಗಮಂಡಲದ ಅಕ್ಕ ಮರುಗಿ ತಲೆಯಾಡಿಸಿದರು. ವೇದಿಕೆಯ ಮೇಲೆ ಅವರು ಹಾರದ ಹೂವೊಂದನ್ನು ಬಿಡಿಸುತ್ತಾ ಕೂತಿದ್ದರು.

ಆಮೇಲೆ ನನ್ನ ಸರದಿ. ಮನರಂಜನೆ. ಬಸ್‌ಸ್ಟ್ಯಾಂಡ್ ಏಜೆಂಟನನ್ನು ಮಾಡಿದೆ, ರೈಟರನ್ನು ಮಾಡಿದೆ, ಮ್ಯಾನೇಜರ ಎದುರೇ ಮ್ಯಾನೇಜರನ್ನು ಮಾಡಿದೆ. ಸಭೆ ನಗೆಯಲ್ಲಿ ಅಲ್ಲಾಡಿತು. "ಸಾರನ್ನ ಮಾಡು, ಸಾರನ್ನ!" ಎಂದು ಹಿಂದಿನ ಸಾಲು ಕೂಗಿತು. ನಾನು ಹಾರ ಹಾಕಿಕೊಂಡು ಕೂತಿದ್ದ ಅವರ ಕಡೆ ತಿರುಗಿದೆ. ಅವರು ಮೆಲ್ಲಗೆ, ನನಗೊಬ್ಬನಿಗೇ ಕೇಳಿಸುವ ಹಾಗೆ ಅಂದರು. "ಕಾಫಿ ಆಯ್ತೇನ್ರೀ?"

ಈ ಸಲ ಎದ್ದುಹೋಗಲು ಪ್ರಿಂಟರ್ ಇರಲಿಲ್ಲ.

ಮೈಕಿನ ವೈರನ್ನೇ ಫೋನಿನ ವೈರು ಮಾಡಿಕೊಂಡೆ. ಗಂಟಲು ಇಳಿಸಿದೆ. "ಅಕ್ಕ, ನಾನು ಕಣಕ್ಕ. ಪೆಂಡ್ರೈವ್ ಬಂತಾ?" ಚಪ್ಪಾಳೆ. "ಒಂದು ಇಂಚು ನಲ್ವತ್ತು ಸೆಂಟಾ? ಒಳ್ಳೇದಾಯ್ತು ಅಕ್ಕ." ನಗೆ. "ಕಾಫಿ ಆಯ್ತಾ?" ಇನ್ನೂ ಜೋರು ನಗೆ. "ಇರ್ಲಿ ಅಕ್ಕ, ಆಮೇಲೆ ಕುಡೀರಿ. ಮೇಲಿನದನ್ನ ಆರಿಸಿ, ಡಿಲೀಟ್ ಒತ್ತಿ... ದೊಡ್ಡದಾ? ಹೂಂ ಕಣಕ್ಕ. ಒತ್ತಿ."

ಹಿಂದಿನ ಸಾಲು ಇನ್ನೂ ನಗುತ್ತಿತ್ತು. ಮೂರನೇ ಸಾಲಿನಲ್ಲಿ ಅಕ್ಕ ಎದ್ದು ನಿಂತಿದ್ದರು.

"ಅದ್ ನೀನಾ?"

"ನಾನೇ ಅಕ್ಕ" ಎಂದೆ, ಮೈಕಿನಲ್ಲೇ, ಬಾಡಿಗೆಯವರನ್ನೆಲ್ಲ ಹೊರಗೆ ಕಳಿಸಿ. "ಅವತ್ತು ಸರ್ ಕೊಡ್ಲಿಪೇಟೆಯಲ್ಲಿದ್ರು. ಅವರ ದನಿಯಲ್ಲಿ ಫೋನ್ ಮಾಡಿದ್ದು ನಾನು. ಮಳೆ ಅಳಿಸಿದ್ದು ನಾನು."

ಅಕ್ಕ ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ವೇದಿಕೆಯ ಕಡೆ ನೋಡಿ, "ಮತ್ತೆ ನೀವ್ ಎಂತಕೆ ಸಾರ್ ನಿಮ್ಮ ತಪ್ಪೂಂತ ಹೇಳಿದ್ದ್?" ಎಂದರು.

ಅವರು ಬಿಡಿಸಿದ ಹೂವನ್ನು ಮೇಜಿನ ಮೇಲಿಟ್ಟರು. "ನೀವು ನಂ ದನಿ ಕೇಳಿ ಒತ್ತಿದ್ರಿ ಅಲ್ವಾ ಅಕ್ಕ?"

ಮ್ಯಾನೇಜರಿಗೆ ನಾಲ್ಕನೇ ಕೆಮ್ಮು ಬಂತು. ನನಗೆ ಒಂದು ಮೆಮೊ ಬಂತು, ಎರಡು ತಿಂಗಳು ಯಾವ ಬ್ರಾಂಚಿನವರೂ ನನ್ನ ಫೋನಿಗೆ ಸರಿಯಾಗಿ ಮಾತಾಡಲಿಲ್ಲ. ತಿತಿಮತಿಯ ಜೇನು ಮತ್ತೆ ದಾರಿ ಬದಲಿಸಿ, ಅವರು ನಿವೃತ್ತರಾಗಿ ನೆಲೆಸಿದ ಕೊಡ್ಲಿಪೇಟೆಗೆ ಹೋಗುತ್ತಿದೆ, ಅದೇ ಕಂಡಕ್ಟರುಗಳ ಕೈಯಲ್ಲಿ.

ಹೋದ ವಾರ ಭಾಗಮಂಡಲಕ್ಕೆ ಇನ್ನೊಂದು ಕಂಪ್ಯೂಟರ್ ಬಂತು. ಪೆಂಡ್ರೈವಿಗೆ ಸುತಳಿ ಕಟ್ಟಿ, ನಾನೇ ಬಸ್‌ಸ್ಟ್ಯಾಂಡಿಗೆ ನಡೆದುಹೋಗಿ ಕೊಟ್ಟು ಬಂದೆ. ಆ ಒಂದು ಪ್ರಶ್ನೆಗೆ ಉತ್ತರ ತುಂಬಿರಲಿಲ್ಲ. ಮರುದಿನ ಫೋನ್ ಮಾಡಿದೆ. ಅಕ್ಕ ಹೂಂ, ಹಾಂ ಎನ್ನುವುದು ಬಿಟ್ಟರೆ ಮಾತಿಲ್ಲ. ಡಿಸ್ಕಿನ ಪ್ರಶ್ನೆ ಬಂತೆಂದರು.

"ಕಾಫಿ ಆಯ್ತಾ ಅಕ್ಕ?"

"ಇಲ್ಲೆ."

"ಕುಡ್ಕೊಂಡು ಬನ್ನಿ. ನಾನು ಲೈನಲ್ಲಿ ಇರ್ತೇನೆ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಚಪ್ಪಲಿ ದೂರ ಹೋಯಿತು. ಸ್ಟವ್ ಹತ್ತಿದ್ದು ಕೇಳಿಸಿತು. ಯಾರೋ ಗೊಬ್ಬರ ಬಂತಾ ಎಂದು ಬಂದವರು, ಬಂದುಟ್ಟು, ನಾಳೆ ಬನ್ನಿ ಎನ್ನಿಸಿಕೊಂಡು ಹೋದರು. ಹಿಂದೆ ಎಲ್ಲೋ ಗಂಟೆ, ಹಂಚಿನ ಮೇಲಿಂದ ತಗಡಿಗೆ ಬೀಳುವ ನೀರು, ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ಯುವ ಸದ್ದು. ಇಲ್ಲಿ ನಾನು ಕಣ್ಣು ಅರೆಮುಚ್ಚಿಕೊಂಡು ಕೂತಿದ್ದೆ. ಹಿಂದಿನಿಂದ ಟೈಪಿಸ್ಟ್ ಹುಡುಗಿಯರು ನಕ್ಕರು. ಯಾರನ್ನು ಮಾಡುತ್ತಿದ್ದೇನೆಂದು ಅವರಿಗೆ ಗೊತ್ತು. ನಾನು ಯಾರನ್ನೂ ಮಾಡುತ್ತಿರಲಿಲ್ಲ. ಇಷ್ಟು ವರ್ಷ ಇಷ್ಟು ಊರುಗಳ ಇಂಥ ಸದ್ದನ್ನೆಲ್ಲ ಆ ಮನುಷ್ಯ ಒಬ್ಬರೇ ಕೇಳಿಸಿಕೊಂಡರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಅಕ್ಕ ಬಂದರು. ಮೊದಲು ಸ್ಕ್ರೀನ್ ಓದಿದರು. ಒಂದು ಸಣ್ಣದು, ಒಂದು ದೊಡ್ಡದು, ದೊಡ್ಡದು ಕೆಳಗೆ. ಸಣ್ಣದನ್ನೇ ಅಲ್ವಾ ಎಂದು ಎರಡು ಸಲ ಕೇಳಿ, ಒತ್ತಿದರು. ಆಮೇಲೆ, ನಾನು ಕೇಳದೆಯೇ, "ನಿನ್ನೆ ಎರಡು ಇಂಚು ಹತ್ತು ಸೆಂಟು" ಎಂದರು.

ಇಂಚನ್ನೂ ಸೆಂಟನ್ನೂ ಅಂಗೈ ಮೇಲೆ ಬರೆದುಕೊಂಡೆ.

"ಕೇಳ್ತಾ ಉಟ್ಟಾ?" ಎಂದರು ಅಕ್ಕ. "ಸಾರಿಗೆ ಫೋನ್ ಮಾಡ್ರೆ ಹೇಳ್."